ಹದ್ದಿನ ಬಳಿಯವರು ಕಡ ಕೊಟ್ಟ ಕುರ್ಚಿ

ಮಾನ್ಯ ಭೂ ಮತ್ತು ಜಲ ಪರವಾನಗಿ ಅಧಿಕಾರಿಗಳೇ,

ಉಂಡು ಹೋದವರು ಊಟ ಹೇಗಿತ್ತೆಂಬುದನ್ನು ಮರೆತರೆ ನಮಗೆ ಬೇಸರವಿಲ್ಲ. ಊಟದ ಹೊತ್ತಿಗೆ ಕಿವಿಯಾರೆ ಕೇಳಿದ್ದನ್ನು ಮರೆತರೆ ಬೇಸರವಾಗುತ್ತದೆ. ಮರೆತಂತೆ ನಟಿಸಿದರೆ ಅದಕ್ಕೆ ನಮ್ಮ ಭಾಷೆಯಲ್ಲಿ ಬೇರೆಯೇ ಪದವಿದೆ, ಅದನ್ನು ಈ ಬಹಿರಂಗ ಪತ್ರ ಹಾಕುವ ಪತ್ರಿಕೆಯವರು ಅಚ್ಚು ಮಾಡಲಾರರು. ಕಾಡುಸೇಬಿನ ಹಳ್ಳದ ಬಾಯಿಯಲ್ಲಿ ಒಂದು ಕಂಪನಿ ಶ್ರೀಮಂತರ ಮೀನು ಶಿಕಾರಿಗೆಂದು ವಸತಿಗೃಹವನ್ನೂ ದೋಣಿಕಟ್ಟೆಯನ್ನೂ ಕಟ್ಟಬಹುದೇ ಎಂಬ ಬಗ್ಗೆ ತಾವು ಹೊರಡಿಸಿದ ವರದಿಯನ್ನು ಓದಿದೆ. 'ಸದರಿ ಹಳ್ಳದ ಮೇಲೆ ಯಾವುದೇ ಮನೆತನಕ್ಕೆ ಹಕ್ಕಿರುವ ಕುರಿತು ಈ ಕಚೇರಿಯ ಗಮನಕ್ಕೆ ಯಾವ ಮಾಹಿತಿಯೂ ಬಂದಿರುವುದಿಲ್ಲ' ಎಂದು ಬರೆದಿದ್ದೀರಿ. ಕಚೇರಿಯ ಗಮನದ ವಿಷಯ ನಾನರಿಯೆ. ತಮ್ಮ ಎರಡು ಕಿವಿಗಳ ವಿಷಯ ಚೆನ್ನಾಗಿ ಬಲ್ಲೆ, ಏಕೆಂದರೆ ಕಳೆದ ಶರತ್ಕಾಲದಲ್ಲಿ ನಮ್ಮ ಮನೆತನದ ಔತಣದ ದಿನ ಅವುಗಳ ಹಿಂದೆಯೇ ಮೀನುಸಾರಿನ ಪಾತ್ರೆ ಹಿಡಿದು ನಿಂತಿದ್ದವಳು ನಾನು.

'ತಾವು' ಎಂದು ಬರೆದು ಬರೆದು ಕೈ ಸೋಲುತ್ತದೆ. ಇನ್ನು ಮುಂದೆ 'ನೀವು' ಎನ್ನುತ್ತೇನೆ. ನಮ್ಮ ಮನೆಯಲ್ಲಿ ಉಂಡವರಿಗೆ ಅಷ್ಟು ಸಲಿಗೆ ಸಲ್ಲುತ್ತದೆ.

ನನ್ನ ಹೆಸರು ಡೆಲ್ಮಾ. ಊರಿನ ದೋಣಿಕಟ್ಟೆಯಲ್ಲಿ ಡೀಸೆಲ್ ಬಂಕ್ ನೋಡಿಕೊಳ್ಳುತ್ತೇನೆ. ಅಂದು ನಿಮ್ಮ ಇಲಾಖೆಯ ದೋಣಿಗೆ ಎಣ್ಣೆ ತುಂಬಿದವಳೂ ನಾನೇ. ನಾನು ಕಾನೂನು ಓದಿದವಳಲ್ಲ. ಆದರೆ ಈ ಕರಾವಳಿಯ ಮೂಲನಿವಾಸಿಗಳಾದ ನಮ್ಮ ಸಿಂಶಿಯನ್ ಜನರ ಕಾನೂನನ್ನು, ನಾವು ಅಯಾವ್ಖ್ ಎನ್ನುವುದನ್ನು, ಯಾರೂ ಓದಿ ಕಲಿಯುವುದಿಲ್ಲ. ಸಾರು ಬಡಿಸುತ್ತಾ, ಕುರ್ಚಿ ಹಾಕುತ್ತಾ, ಯಾರನ್ನು ಯಾರ ಪಕ್ಕ ಕೂರಿಸಬಾರದೆಂದು ಬೈಸಿಕೊಳ್ಳುತ್ತಾ ಕಲಿಯುತ್ತೇವೆ. ಹಾಗೆ ಅರವತ್ತು ವರ್ಷ ಬೈಸಿಕೊಂಡವಳು ಬರೆಯುತ್ತಿದ್ದೇನೆ.

ಮೊದಲು ಹಳ್ಳದ ಮಾತು. ನಿಮ್ಮ ನಕ್ಷೆಯಲ್ಲಿ ಅದಕ್ಕೆ ಯಾವನೋ ಹಡಗಿನ ಕಪ್ತಾನನ ಷಡ್ಡಕನ ಹೆಸರಿದೆ. ಆತ ಅದರ ನೀರು ಕುಡಿದವನಲ್ಲ, ದಡಕ್ಕೆ ಇಳಿದವನೂ ಅಲ್ಲ. ಅದರ ಬಾಯಿಯ ಎರಡೂ ದಂಡೆಯಲ್ಲಿ ನಮ್ಮ ಮನೆತನದ ಹೆಂಗಸರು ತಲೆಮಾರುಗಳಿಂದ ಸವರಿ, ಕೊಂಬೆ ಬಗ್ಗಿಸಿ ಬೆಳೆಸಿದ ಕಾಡುಸೇಬಿನ ಮರಗಳಿವೆ. ಕಂಪನಿಯ ನಕ್ಷೆಯ ಪ್ರಕಾರ ಅಲ್ಲಿ ಬರುವುದು ಡೀಸೆಲ್ ಟ್ಯಾಂಕು. ಡೀಸೆಲ್ ಮಾರುವವಳೇ ಹೇಳುತ್ತಿದ್ದೇನೆ, ಸಾಲ್ಮನ್ ಮೀನು ಮೊಟ್ಟೆಯಿಡಲು ಹತ್ತುವ ಬಾಯಲ್ಲಿ ಯಾರೂ ಡೀಸೆಲ್ ಇಡುವುದಿಲ್ಲ.

ನನ್ನ ತಾಯಿಯ ಅಣ್ಣ, ದೊಡ್ಡ ಮಾವ ತೀರಿಕೊಂಡು ವರ್ಷ ತುಂಬಿದ ಮೇಲೆ ಆ ಔತಣ ಇಟ್ಟುಕೊಂಡೆವು. ಅವರು ನಮ್ಮ ಮನೆತನದ ಮುಖ್ಯಸ್ಥರಾಗಿದ್ದರು, ಮನೆತನದ ದೊಡ್ಡ ಹೆಸರನ್ನು ಹೊತ್ತವರು. ನಮ್ಮಲ್ಲಿ ಬಳಿಯೆಂಬ ಕುಲ, ಹೆಸರು, ಹಳ್ಳ, ಹಾಡು ಎಲ್ಲವೂ ತಾಯಿಯ ಕಡೆಯಿಂದ ಇಳಿಯುತ್ತವೆ. ಅಣ್ಣನಿಂದ ತಮ್ಮನಿಗೆ, ಮಾವನಿಂದ ಸೋದರಳಿಯನಿಗೆ, ಅಳಿಯನಿಲ್ಲದ ಮನೆಯಲ್ಲಿ ಸೋದರಸೊಸೆಗೆ. ಹೊತ್ತವರು ಸಾಯುತ್ತಾರೆ, ಹೆಸರು ಸಾಯುವುದಿಲ್ಲ. ಅಂದು ಆ ಹೆಸರು ದೊಡ್ಡ ಮಾವನ ತಮ್ಮ, ನನ್ನ ಎಲ್ವುಡ್ ಮಾವನ ಹೆಗಲಿಗೆ ಬಂತು. ಆ ಹೆಸರು ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಅದು ಸಭೆಯಲ್ಲಿ ಹೇಳುವಂಥದ್ದು, ನಾಳೆ ಈ ಪತ್ರಿಕೆಯಲ್ಲಿ ಯಾರೋ ಮೀನು ಸುತ್ತಿಕೊಂಡು ಹೋಗುವಂಥದ್ದಲ್ಲ.

ನಿಮ್ಮನ್ನು ಕರೆಯಬೇಕೆಂದು ಹಟ ಹಿಡಿದವರು ಎಲ್ವುಡ್ ಮಾವನೇ. ಕಂಪನಿಯ ಅರ್ಜಿ ಆಗಲೇ ನಿಮ್ಮ ಮೇಜಿನ ಮೇಲಿತ್ತು. ಕರೆಯದೆ ಬೈಯುವುದಕ್ಕಿಂತ ಕರೆದು ತಿಳಿಸುವುದು ಮರ್ಯಾದೆ ಎಂಬುದು ಅವರ ವಾದ. ನಮ್ಮ ಲವೀನಿಯಾ ದೊಡ್ಡಮ್ಮನಿಗೆ, ಅಂದರೆ ಮಾವನ ಅಕ್ಕನಿಗೆ, ಅದು ಸರಿಬರಲಿಲ್ಲ. ಮನೆತನದಲ್ಲಿ ಹೆಸರು ಯಾರಿಗೆ ಎಂದು ನಿರ್ಧರಿಸುವವರು ಅವರೇ, ಹಾಗಾಗಿ ಅವರ ತಕರಾರೆಂದರೆ ಸಣ್ಣದಲ್ಲ. ಪಾಲು ಮಾಡಲೆಂದು ಕಡಲಸೊಪ್ಪಿನ ಒಣ ಹಪ್ಪಳ ಮುರಿಯುತ್ತಲೇ ಕೇಳಿದರು:

"ಅವನು ಯಾರ ಪೈಕಿ? ತಾಯಿ ಯಾವ ಬಳಿ? ಬಳಿನೇ ಇಲ್ಲದೋನ್ನ ಎಲ್ಲಿ ಕೂರಿಸ್ತೀಯೋ ಎಲ್ವುಡ್, ಬ್ಯಾಸ್ಕೆಟ್‌ಬಾಲ್ ಬುಟ್ಟಿ ಒಳಗಾ?"

ನಿಮಗೆ ತಮಾಷೆಯಾಗಿ ಕಂಡೀತು. ನಮ್ಮ ಔತಣ ನಡೆಯುವುದು ಊರಿನ ಬ್ಯಾಸ್ಕೆಟ್‌ಬಾಲ್ ಅಂಗಣದಲ್ಲಾದ್ದರಿಂದ ನಾವೂ ನಕ್ಕೆವು. ಆದರೆ ಪ್ರಶ್ನೆ ಹುಡುಗಾಟದ್ದಲ್ಲ. ನಾವು ತೋಳದ ಬಳಿಯವರು ಔತಣ ಮಾಡಿದರೆ ಕೂತು ನೋಡಬೇಕಾದವರು ಕಾಗೆ, ಹದ್ದು, ಕರಿತಿಮಿಂಗಿಲದ ಬಳಿಯವರು. ನಮ್ಮ ಮಾತಿಗೆ ನಾವೇ ತಲೆಯಾಡಿಸಿದರೆ ಅದು ಸಾಕ್ಷಿಯಾಗುವುದಿಲ್ಲ. ಪ್ರತಿ ಬಳಿಗೂ ತನ್ನ ಸಾಲು, ಸಾಲಿನಲ್ಲಿ ಪ್ರತಿ ಹೆಸರಿಗೂ ತನ್ನ ಕುರ್ಚಿ. ಯಾವ ಸಾಲಿಗೂ ಸೇರದ ಮನುಷ್ಯ ಎಷ್ಟೇ ದೊಡ್ಡ ಅಧಿಕಾರಿಯಾದರೂ ಸಭೆಯಲ್ಲಿ ಅವನು ಬಾಗಿಲ ಹತ್ತಿರ ನೇತುಹಾಕಿದ ಮಳೆಯಂಗಿಗೆ ಸಮ. ಅದು ಎಲ್ಲವನ್ನೂ ನೋಡುತ್ತದೆ, ಯಾರೂ ಅದನ್ನು ಏನೂ ಕೇಳುವುದಿಲ್ಲ.

ನಿಮ್ಮನ್ನು ಆ ಮಳೆಯಂಗಿಯ ಗತಿಯಿಂದ ಪಾರುಮಾಡಿದವರು ಪಕ್ಕದ ಊರಿನ ಹದ್ದಿನ ಬಳಿಯ ಹೊರೇಸ್. ಆ ಬಳಿಯ ಪರವಾಗಿ ಸಭೆಯಲ್ಲಿ ಮಾತಾಡುವವರು ಅವರು. ದೋಣಿ ಇಳಿದು ಬಂದು ವಿಷಯ ಕೇಳಿಕೊಂಡು, ತಮ್ಮ ಸಾಲಿನಲ್ಲಿ ಒಂದು ಕುರ್ಚಿ ಖಾಲಿಯಿದೆ, ಕೂರಿಸಿ, ಇವನಿಗಿಂತ ಪೆದ್ದರು ನಮ್ಮಲ್ಲೇ ಹುಟ್ಟಿದ್ದಾರೆ ಎಂದರು. ಎಲ್ಲರೂ ನಕ್ಕ ಮೇಲೆ ದೊಡ್ಡಮ್ಮನ ಕಡೆ ತಿರುಗಿ ನಗದೆ ಇನ್ನೊಂದು ಮಾತು ಹೇಳಿದರು.

"ಕುರ್ಚಿ ನಮ್ದು, ಲವೀನಿಯಾ. ಅವನು ನೋಡಿದ್ದು ನಾವು ನೋಡ್ದಂಗೇ."

ದೊಡ್ಡಮ್ಮ ಒಪ್ಪಿದರು. ಹಾಗೆ ನೀವು ಒಂದು ದಿನದ ಮಟ್ಟಿಗೆ ಹದ್ದಿನ ಬಳಿಯವರ ಕುರ್ಚಿಯನ್ನು ಕಡ ಪಡೆದು ಕೂತಿರಿ. ನಿಮ್ಮ ಇಡೀ ಉದ್ಯೋಗದಲ್ಲಿ ಅದಕ್ಕಿಂತ ದೊಡ್ಡ ಪೀಠ ನಿಮಗೆ ಸಿಕ್ಕಿರಲಾರದು, ಆ ಸಂಗತಿ ನಿಮಗೆ ಇಂದಿಗೂ ತಿಳಿದಂತಿಲ್ಲ.

ನೀವು ಕೆಟ್ಟ ಮನುಷ್ಯರಲ್ಲ. ಇದನ್ನು ಬರೆಯದೆ ಹೋದರೆ ನನಗೆ ನಿದ್ದೆ ಬಾರದು. ಪಾಚಿಯ ಮೇಲೆ ಅಂಟಿದ ಹೆರಿಂಗ್ ಮೊಟ್ಟೆಯನ್ನು ಮುಖ ಸಿಂಡರಿಸದೆ ತಿಂದಿರಿ. ಪಟ್ಟಣದವರು ಮೂಗು ಮುಚ್ಚಿಕೊಳ್ಳುವ ಊಲಕನ್ ಮೀನಿನ ತುಪ್ಪವನ್ನು ಎರಡನೇ ಸಲ ಹಾಕಿಸಿಕೊಂಡಿರಿ. ದೊಡ್ಡಮ್ಮ ಅದನ್ನು ದೂರದಿಂದ ನೋಡಿ, ಹುಡುಗ ಪರವಾಗಿಲ್ಲ ಎಂದರು. ಊಟವಾದ ಮೇಲೆ ಅಂಗಿಯ ತೋಳು ಮಡಚಿಕೊಂಡು ಪಾತ್ರೆ ತೊಳೆಯಲು ಅಡಿಗೆಮನೆಗೇ ಬಂದುಬಿಟ್ಟಿರಿ. ನೆನಪಿದೆಯೇ? ಒಳಗಿದ್ದ ಹೆಂಗಸರೆಲ್ಲ ಕೈಯಲ್ಲಿದ್ದದ್ದನ್ನು ಹಾಗೇ ಹಿಡಿದು ಕಲ್ಲಾದರು. ಔತಣದಲ್ಲಿ ಕೆಲಸ ಮಾಡುವವರು ಕರೆದವರು. ಬಂದವರಿಗೆ ಒಂದೇ ಕೆಲಸ. ನಿಮ್ಮನ್ನು ಕೈಹಿಡಿದು ಹೊರಗೆ ಕರೆತಂದು ಅದನ್ನು ಹೇಳಿದವಳು ನಾನು.

"ನಿಮ್ಮ ಕೆಲ್ಸ ಪಾತ್ರೆ ತೊಳೆಯೋದಲ್ಲ. ಕೂತು ನೋಡೋದು, ಕೇಳೋದು. ನಾಳೆ ಯಾರಾದ್ರೂ ಕೇಳಿದ್ರೆ ಹೇಳೋದು."

"ಅಷ್ಟೇನಾ?" ಅಂದಿರಿ ನೀವು. "ಅದು ಸುಲಭ ಬಿಡಿ."

ಸುಲಭ. ಆ ಮಾತನ್ನು ಈ ಚಳಿಗಾಲವೆಲ್ಲ ನಾನು ಎಷ್ಟು ಸಲ ನೆನೆದೆನೋ.

ಆಮೇಲೆ ನೀವು ಕೂತಿರಿ, ನೋಡಿದಿರಿ, ಕೇಳಿದಿರಿ. ಮಾವ ಎದ್ದು ನಮ್ಮ ಮನೆತನದ ಅದಾವ್ಖ್ ಹೇಳಿದರು. ಅದು ನಮ್ಮ ಹಿರಿಯರು ಎಲ್ಲಿಂದ ಬಂದರು, ಯಾವ ನೀರಿಗೆ ಹೇಗೆ ಹಕ್ಕುಳ್ಳವರಾದರು ಎಂಬ ಕಥನ. ಅದರ ಪ್ರತಿ ಮಾತೂ ಮನೆತನದ ಆಸ್ತಿ, ಹೇಳುವ ಅಧಿಕಾರ ಹೆಸರು ಹೊತ್ತವರದು. ಆದ್ದರಿಂದ ನಾನು ಅದನ್ನಿಲ್ಲಿ ಹೇಳಲಾರೆ. ಸಭೆಯಲ್ಲಿದ್ದ ಯಾರೂ ಹೇಳಬಹುದಾದಷ್ಟನ್ನು ಮಾತ್ರ ಹೇಳುತ್ತೇನೆ: ಸೀಳುಬಂಡೆಯಿಂದ ಜಲಪಾತದವರೆಗೆ ಹಳ್ಳ ನಮ್ಮದು ಎಂದು ಮಾವ ಹೇಳಿದರು. ಹೇಳಿದ್ದಕ್ಕೆ ಆಕ್ಷೇಪವಿದ್ದರೆ ಆಗಲೇ, ಅಲ್ಲಿಯೇ ಎದ್ದು ಹೇಳಬೇಕು. ಕಾಗೆಯವರು ಹೇಳಲಿಲ್ಲ, ಕರಿತಿಮಿಂಗಿಲದವರು ಹೇಳಲಿಲ್ಲ. ಹೊರೇಸ್ ಎದ್ದರು. ಅವರ ಊರಿನವರು ಪ್ರತಿ ವರ್ಷ ಆ ಹಳ್ಳಕ್ಕೆ ಮೀನಿಗೆ ಬರುತ್ತಾರೆ. ಹಳ್ಳ ನಮ್ಮದೂ ಹೌದು ಎನ್ನಬೇಕೆಂದಿದ್ದರೆ ಅದೇ ಸಮಯವಾಗಿತ್ತು. ಅವರು ಹೇಳಿದ್ದು, ಆ ಹಳ್ಳ ನಮ್ಮದಲ್ಲ, ನಮ್ಮ ಮಾವಂದಿರು ಇವರನ್ನು ಕೇಳಿಕೊಂಡೇ ಬಲೆ ಹಾಕುತ್ತಿದ್ದರು, ಮೊದಲ ಮೀನನ್ನು ಈ ಮನೆಯವರಿಗೆ ಕೊಟ್ಟೇ ಹೋಗುತ್ತಿದ್ದರು, ನಾನೂ ಹಾಗೇ ಮಾಡುತ್ತೇನೆ ಎಂದು. ತನಗೆ ಬರಬಹುದಾದ್ದನ್ನು ತನ್ನದಲ್ಲ ಎಂದು ನಾಲ್ಕು ಜನರ ಮುಂದೆ ಹೇಳುವವನ ಸಾಕ್ಷಿಗಿಂತ ದೊಡ್ಡ ಸಾಕ್ಷಿ ನಿಮ್ಮ ಯಾವ ನ್ಯಾಯಾಲಯದಲ್ಲಿ ಸಿಗುತ್ತದೆ? ಹೊರೇಸ್ ಅದನ್ನು ಹೇಳುವಾಗ ಅವರ ತೋಳು ನಿಮ್ಮ ಭುಜಕ್ಕೆ ತಾಗುತ್ತಿತ್ತು.

ಕೊನೆಗೆ ಉಡುಗೊರೆ. ಸಾಲುಸಾಲಾಗಿ, ಹೆಸರು ಕೂಗಿ ಕೂಗಿ ಕೊಟ್ಟೆವು. ನಿಮಗೆ ಒಂದು ಉಣ್ಣೆ ಕಂಬಳಿ, ಒಂದು ಪ್ಲಾಸ್ಟಿಕ್ ಬಟ್ಟೆಬುಟ್ಟಿ, ಅದರಲ್ಲಿ ಟವೆಲು, ಕಿತ್ತಳೆ, ಹೊಗೆಯಾಡಿಸಿದ ಸಾಲ್ಮನ್ ಶೀಸೆ. ಕೊಡುವಾಗ ನಮ್ಮ ಕಡೆಯವರು ಗಟ್ಟಿಯಾಗಿ ಹೇಳಿದರು: ನೀವು ನೋಡಿದ್ದಕ್ಕೆ, ಕೇಳಿದ್ದಕ್ಕೆ, ನೆನಪಿಟ್ಟುಕೊಳ್ಳುವುದಕ್ಕೆ. ನೀವು ಎರಡೂ ಕೈ ಚಾಚಿ ತೆಗೆದುಕೊಂಡಿರಿ. ಕೈ ಚಾಚಿದ್ದನ್ನು ಸಭೆ ನೋಡಿತು.

ಇಲ್ಲಿ ನಮ್ಮ ತಪ್ಪೊಂದಿದೆ, ಒಪ್ಪುತ್ತೇನೆ. ಬೇರೆ ಯಾರೇ ಆಗಿದ್ದರೂ ಮರುದಿನವೇ ವಕೀಲರನ್ನು ಹಿಡಿದು, ನಕ್ಷೆ ಬರೆಸಿ, ಮುದ್ರೆ ಒತ್ತಿಸಿ ನಿಮ್ಮ ಕಚೇರಿಗೆ ಕಳಿಸುತ್ತಿದ್ದರು. ನಾವು ಕುರ್ಚಿ ಮಡಚಿ, ನೆಲ ಒರೆಸಿ ಮಲಗಿದೆವು. ಅಧಿಕಾರಿಯೇ ಸಾಕ್ಷಿಯಾದ ಮೇಲೆ ಇನ್ನೇನು ಬೇಕು ಎಂದುಕೊಂಡೆವು. ಸಾಕ್ಷಿಯ ಕಂಬಳಿ ತೆಗೆದುಕೊಂಡವನು ಕೇಳಿದಾಗ ಹೇಳುತ್ತಾನೆ ಎಂಬುದು ನಮಗೆ ಮಧ್ಯಾಹ್ನವಾದ ಮೇಲೆ ಸಂಜೆಯಾಗುತ್ತದೆ ಎಂಬಷ್ಟು ಸಹಜ. ಇಂಥ ಪೆದ್ದತನವನ್ನು ನಮ್ಮವರು ಮಾತ್ರ ಮಾಡಬಲ್ಲರು.

ವರದಿ ಬಂದ ದಿನ ಅದನ್ನು ದೊಡ್ಡಮ್ಮನ ಅಡಿಗೆಮನೆಯಲ್ಲಿ ಓದಿ ಹೇಳಿದವಳು ನಾನು. ಮಾವ ಪೂರ್ತಿ ಕೇಳಿದರು. ಆ ಸಾಲನ್ನು ಇನ್ನೊಮ್ಮೆ ಓದಿಸಿದರು. ಆಮೇಲೆ ದೊಡ್ಡಮ್ಮ ಅವರನ್ನು ಹೊಸ ಹೆಸರಿನಿಂದ ಕರೆದು ಚಹಾ ಬೇಕೇ ಎಂದು ಕೇಳಿದರೆ ಮಾವ ತಿರುಗಲಿಲ್ಲ. ಇನ್ನೊಮ್ಮೆ ಕರೆದರು. ಆಗ ಹೇಳಿದರು:

"ಎಲ್ವುಡ್ ಅನ್ನು, ಅಕ್ಕಾ. ಆವತ್ತು ಏನೂ ನಡೀಲಿಲ್ಲ ಅಂದ್ರೆ ನಂಗೆ ಹೆಸ್ರೂ ಬರಲಿಲ್ಲ."

ಅಂದಿನಿಂದ ಅವರು ಆ ಹೆಸರಿಗೆ ಓಗೊಟ್ಟಿಲ್ಲ. ಅಂಚೆ ಕಚೇರಿಯಲ್ಲಿ, ದೋಣಿಕಟ್ಟೆಯಲ್ಲಿ ಜನ ಗೌರವದಿಂದ ಕರೆಯುತ್ತಾರೆ, ಅವರು ಕಿವುಡರಂತೆ ನಡೆದುಹೋಗುತ್ತಾರೆ. ನಿಮ್ಮದು ಜಾಣಕಿವುಡು, ಅವರದು ನೊಂದ ಕಿವುಡು. ನಿಮ್ಮ ವರದಿ ಹಳ್ಳದ ಬಗ್ಗೆ ಮಾತ್ರ, ಮುದುಕರ ಹೆಸರಿನ ಬಗ್ಗೆ ಅಲ್ಲ ಎನ್ನುತ್ತೀರಿ. ಒಂದು ಔತಣವೆಂದರೆ ಒಂದು ಬಲೆ, ಸ್ವಾಮಿ. ಹೆಸರು, ಹಳ್ಳ, ಸಾಕ್ಷಿ ಎಲ್ಲ ಒಂದೇ ದಾರದ ಗಂಟುಗಳು. ಒಂದು ಗಂಟನ್ನು ಬಿಚ್ಚಿ ಉಳಿದದ್ದರಲ್ಲಿ ಮೀನು ಹಿಡಿಯಿರಿ ಎಂದರೆ ಆಗುವುದಿಲ್ಲ.

ನಾನು ನಿಮ್ಮ ಕಚೇರಿಗೂ ಬಂದೆ. ದೋಣಿಯ ಟಿಕೆಟು, ಬಾಡಿಗೆ ಕಾರು, ಕಾಯಲು ಒಂದು ಗಟ್ಟಿ ಬೆಂಚು. ಬೆಂಚಿನ ಎದುರಿಗೆ ಒಂದು ಗಾಜಿನ ಬೀರು. ಅದರೊಳಗೆ ನಮ್ಮ ಕಂಬಳಿ, ಮೇಲೆ ಪುಟ್ಟ ದೀಪ, ಕೆಳಗೆ ಒಂದು ಚೀಟಿ: ಸ್ಥಳೀಯ ಸಮುದಾಯದ ಸ್ನೇಹದ ಕಾಣಿಕೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅದು ಪ್ರಿನ್ಸ್ ರೂಪರ್ಟ್ ಪೇಟೆಯ ಅಂಗಡಿಯಲ್ಲಿ ರಿಯಾಯಿತಿಯಲ್ಲಿ ತಂದ ಕಂಬಳಿ, ಮೂಲೆಯಲ್ಲಿ ಅಂಗಡಿಯ ಪಟ್ಟಿ ಇನ್ನೂ ಇತ್ತು. ಹೊದ್ದುಕೊಳ್ಳಬೇಕಾದ್ದನ್ನು ಗಾಜಿನೊಳಗಿಟ್ಟು, ನೆನಪಿಡಬೇಕಾದ್ದನ್ನು ಹೊರಗೆಸೆದಿದ್ದೀರಿ. ನೀವು ಒಳಗೆ ಕರೆದು ನಗುನಗುತ್ತಲೇ ಮಾತಾಡಿಸಿದಿರಿ. ಕಂಬಳಿಯನ್ನು ಬಂದವರೆಲ್ಲ ಹೊಗಳುತ್ತಾರೆ ಎಂದಿರಿ. ನಾನು ವರದಿಯ ಸಾಲಿನ ಮೇಲೆ ಬೆರಳಿಟ್ಟೆ.

"ನೋಡಿ ಡೆಲ್ಮಾ, ನಾನು ಆವತ್ತು ಬಂದಿದ್ದು ಖಾಸಗಿಯಾಗಿ. ವರದಿ ಬರೆದಿರೋದು ಕಚೇರಿ," ಅಂದಿರಿ.

"ಹಂಗಾದ್ರೆ ಕಂಬಳಿ ಯಾಕೆ ಕಚೇರೀಲಿದೆ? ಮನೆಗೆ ತಗೊಂಡೋಗಿ ಹೊದ್ಕೊಳ್ಳಿ," ಅಂದೆ.

ನೀವು ಪೆನ್ನಿನ ಮುಚ್ಚಳ ತಿರುಗಿಸಿ ಮುಚ್ಚಿದಿರಿ. ಆಮೇಲೆ ನಿಜವಾದ ಕಾರಣ ಹೇಳಿದಿರಿ. ತೀರ್ಮಾನ ಕೊಡುವವನೇ ಸಾಕ್ಷಿಯಾಗುವಂತಿಲ್ಲ, ನಿಯಮ ಹಾಗಿದೆ, ಕೇಳಿದೆನೆಂದು ಬರೆದರೆ ಕಡತವೇ ನನ್ನ ಕೈತಪ್ಪುತ್ತದೆ, ಆಗ ಬೇರೆ ಯಾರೋ, ನಿಮ್ಮ ಊರನ್ನೇ ನೋಡದವರು ತೀರ್ಮಾನಿಸುತ್ತಾರೆ, ನಿಮಗೇ ನಷ್ಟ ಎಂದಿರಿ. ಅಂದರೆ ನಮ್ಮ ಹಿತಕ್ಕಾಗಿಯೇ ನಮ್ಮ ಮಾತನ್ನು ಕೇಳಿಲ್ಲ ಎಂದು ಬರೆದಿರಿ. ಇಂಥ ಉಪಕಾರಕ್ಕೆ ಕೃತಜ್ಞತೆ ಹೇಳುವ ಶಕ್ತಿ ನನ್ನಲ್ಲಿ ಉಳಿದಿಲ್ಲ.

ಆದರೂ ನಿಮ್ಮ ನಿಯಮವನ್ನು ದೋಣಿಯಲ್ಲಿ ವಾಪಸು ಬರುವಾಗ ಪ್ರಾಮಾಣಿಕವಾಗಿ ಯೋಚಿಸಿದೆ. ಕಣ್ಣಾರೆ ಕಂಡವನು ತೀರ್ಪು ಕೊಡಬಾರದು, ಏಕೆಂದರೆ ಅವನ ಮನಸ್ಸು ಒಂದು ಕಡೆ ವಾಲಿರುತ್ತದೆ ಎನ್ನುತ್ತದೆ ನಿಮ್ಮ ಕಾನೂನು. ಅದರಲ್ಲಿ ವಿವೇಕವಿಲ್ಲ ಎನ್ನುವುದಿಲ್ಲ. ನಮ್ಮ ಕಾನೂನಿನ ಪ್ರಕಾರ ಕಾಣದವನು ತೀರ್ಪು ಕೊಡಬಾರದು, ಏಕೆಂದರೆ ಅವನಿಗೆ ಏನೂ ತಿಳಿದಿರುವುದಿಲ್ಲ. ಇದರಲ್ಲಿ ವಿವೇಕವಿಲ್ಲವೇ? ಎರಡೂ ಕಾನೂನುಗಳು ಒಂದೇ ಹಳ್ಳದ ಬಾಯಲ್ಲಿ ಎದುರುಬದುರಾಗಿವೆ ಎಂದು ನೀವು ಬರೆದಿದ್ದರೆ ನಾವು ಜಗಳವಾಡುತ್ತಿದ್ದೆವು, ಆದರೆ ನೋಯುತ್ತಿರಲಿಲ್ಲ. 'ಕೇಳಿದೆ, ಆದರೆ ನನ್ನ ನಿಯಮ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಬಿಡುವುದಿಲ್ಲ' ಎಂಬ ಒಂದು ವಾಕ್ಯ ಬರೆಯಲು ಏನು ಅಡ್ಡಿಯಿತ್ತು? ಅದರ ಬದಲು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ 'ಗಮನಕ್ಕೆ ಬಂದಿರುವುದಿಲ್ಲ' ಎಂದಿರಿ. ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ. ನಿಮ್ಮ ಕಚೇರಿಗಳಲ್ಲಿ ಅಂಥ ವಾಕ್ಯಗಳಿಗೆ ಬಡ್ತಿ ಸಿಗುತ್ತದೆಂದು ಕೇಳಿದ್ದೇನೆ.

ಇನ್ನು ನಮ್ಮ ಊರಿನ ಚುನಾಯಿತ ಮಂಡಳಿ. ಅದನ್ನು ಕೇಳಿದ್ದೇವೆ, ಅವರು ವಿರೋಧಿಸಲಿಲ್ಲ ಎಂದೂ ವರದಿಯಲ್ಲಿದೆ. ಮಂಡಳಿಯ ಅಧ್ಯಕ್ಷ ಕಾಗೆ ಬಳಿಯವನು, ದಿನಾ ನನ್ನ ಬಂಕಿಗೆ ಬರುತ್ತಾನೆ. ಅವನು ನಿಮಗೆ ಹೇಳಿದ್ದು, ಹಳ್ಳ ನಮ್ಮದಲ್ಲ, ಲವೀನಿಯಾ ಅವರ ಮನೆತನದ್ದು, ಅವರನ್ನೇ ಕೇಳಿ ಎಂದು. ರಸ್ತೆ, ನಲ್ಲಿ, ಶಾಲೆಯ ಛಾವಣಿ ಮಂಡಳಿಯ ಕೆಲಸ. ಹಳ್ಳ ಮನೆತನದ ವಿಷಯ ಎಂಬುದು ಇಲ್ಲಿ ಯಾರಿಗೂ ವಿವರಿಸಿ ಹೇಳಬೇಕಾದ್ದಲ್ಲ. ಪಕ್ಕದ ಮನೆಯವನ ಹತ್ತಿರ ಹೋಗಿ, ಈ ಮನೆ ಮಾರಲೇ ಎಂದು ಕೇಳಿ, 'ಅದು ನನ್ನದಲ್ಲಪ್ಪ' ಎಂದದ್ದನ್ನು ಒಪ್ಪಿಗೆ ಎಂದು ಬರೆದುಕೊಂಡಿರಿ. ಅವನು ಈಗ ನನ್ನ ಮುಖ ನೋಡಲು ನಾಚುತ್ತಾನೆ. ಅವನ ತಪ್ಪೇನೂ ಇಲ್ಲ.

ನಮ್ಮ ಅಜ್ಜಿಯ ಕಾಲದಲ್ಲಿ ಔತಣ ಮಾಡುವುದೇ ಅಪರಾಧವಾಗಿತ್ತು. ಸರ್ಕಾರ ಅದನ್ನು ಕಾನೂನು ಮಾಡಿ ನಿಷೇಧಿಸಿತ್ತು, ಸಿಕ್ಕಿಬಿದ್ದರೆ ಜೈಲು. ಅಜ್ಜಿ ಕ್ರಿಸ್‌ಮಸ್ ಊಟವೆಂದು ಹೇಳಿ ಕಿಟಕಿಗೆ ಬಟ್ಟೆ ಕಟ್ಟಿ ಹೆಸರು ಕೊಡಿಸಿದ್ದನ್ನು ದೊಡ್ಡಮ್ಮ ಈಗಲೂ ಹೇಳುತ್ತಾರೆ. ಆ ಕಾಲದ ಅಧಿಕಾರಿಗಳನ್ನು ನಾನು ಬದುಕಿಡೀ ಶಪಿಸಿದ್ದೇನೆ. ಈಗ ವಯಸ್ಸಾದ ಮೇಲೆ ಅವರ ಬಗ್ಗೆ ಒಂದು ಬಗೆಯ ಗೌರವ ಹುಟ್ಟುತ್ತಿದೆ. ಔತಣದಲ್ಲಿ ಏನು ನಡೆಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಅಲ್ಲಿ ಭೂಮಿಯ ಮಾತು, ಅಧಿಕಾರದ ಮಾತು, ಒಂದು ಇಡೀ ಸರ್ಕಾರದ ಕಲಾಪ ನಡೆಯುತ್ತದೆಂದು ತಿಳಿದೇ ಹೆದರಿ ಬಾಗಿಲು ಮುಚ್ಚಿಸಿದರು. ನೀವು ಹೆದರುವುದಿಲ್ಲ. ಬಂದು, ಚಪ್ಪಾಳೆ ತಟ್ಟಿ, ಉಂಡು, ಕುಣಿತದ ಫೋಟೋ ತೆಗೆದುಕೊಂಡು ಹೋಗುತ್ತೀರಿ. ಅವರು ನಮ್ಮ ಬಾಯಿ ಮುಚ್ಚಿಸಿದರು, ನೀವು ಬಾಯ್ತುಂಬ ಹೊಗಳಿ ಕಿವಿ ಮುಚ್ಚಿಕೊಂಡಿರಿ. ಯಾವುದು ವಾಸಿ ಎಂದು ನನ್ನನ್ನು ಕೇಳಬೇಡಿ, ನನಗೆ ದಣಿವಾಗಿದೆ.

ದಣಿವಿನ ಕಾರಣವನ್ನೂ ಹೇಳಿಬಿಡುತ್ತೇನೆ. ಕಳೆದ ವಾರ ಹೊರೇಸ್ ಎಣ್ಣೆಗೆಂದು ಬಂಕಿಗೆ ಬಂದರು. ದೋಣಿ ಕಟ್ಟುವ ಮೊದಲೇ ಶುರುಮಾಡಿದರು.

"ಏನಮ್ಮ ಡೆಲ್ಮಾ, ನಿಮ್ಮ ಸರ್ಕಾರಿ ಸಾಕ್ಷಿ ಹೆಂಗಿದಾನೆ? ಕಿವಿಗೆ ಸ್ವಲ್ಪ ಮೀನುತುಪ್ಪ ಬಿಡಿಸಬಾರದಾ?"

ನಾನು, ನಿಮ್ಮ ಸಾಲಿನ ಸಾಕ್ಷಿ ಅಲ್ಲವೇ, ನೀವೇ ಬಿಡಿ ಎಂದೆ. ಅವರು ನಕ್ಕರು. ಎಣ್ಣೆ ತುಂಬಿತು, ಹಗ್ಗ ಬಿಚ್ಚಿದ್ದಾಯಿತು, ಆದರೆ ಇಂಜಿನ್ನು ಚಾಲೂ ಮಾಡಲಿಲ್ಲ. ದೋಣಿಯಲ್ಲೇ ಕೂತು ನೀರು ನೋಡುತ್ತಾ ಹೇಳಿದರು.

"ಕುರ್ಚಿ ನಮ್ದು ಅಂದಿದ್ದೆ ನಾನು. ಆ ಮಾತು ಹಂಗೇ ಇದೆ. ತೊಳೆಯೋದಾದ್ರೆ ನಾವೂ ಕೈ ಹಾಕ್ತೀವಿ ಅಂತ ಲವೀನಿಯಾಗೆ ಹೇಳು."

ಇದು ನಿಮಗೆ ಅರ್ಥವಾಗಬೇಕು. ಸಭೆಯ ಮುಂದೆ ಒಂದು ಹೆಸರಿಗೆ ಅವಮಾನವಾದರೆ ಅದನ್ನು ಸಭೆಯ ಮುಂದೆಯೇ ತೊಳೆಯಬೇಕು. ತೊಳೆಯುವುದೆಂದರೆ ಇನ್ನೊಂದು ಔತಣ. ಅವಮಾನ ಮಾಡಿದವರು ಅದನ್ನು ಮಾಡದಿದ್ದರೆ ಆದವರೇ ಮಾಡಬೇಕು. ನೀವು ಒಂದು ಸಾಲು ಬರೆದಿರಿ. ಅದನ್ನು ಒರೆಸಲು ನಮ್ಮ ಮನೆತನವೂ, ನಿಮಗೆ ಜಾಗ ಕೊಟ್ಟ ತಪ್ಪಿಗೆ ಹದ್ದಿನವರೂ ಮತ್ತೆ ಒಲೆ ಹಚ್ಚಬೇಕು. ಔತಣವೆಂದರೆ ಶರತ್ಕಾಲದ ಮಾತು, ಬೇಸಿಗೆಯ ಮೀನು ಶೀಸೆ ತುಂಬಿದ ಮೇಲೆ. ಈಗ ಕಪಾಟುಗಳು ಖಾಲಿ. ಆದರೆ ನಿಮ್ಮ ಅಂತಿಮ ತೀರ್ಮಾನ ಬೇಸಿಗೆಗೆ ಮೊದಲೇ ಹೊರಬೀಳುವುದರಿಂದ ಕಾಯುವ ಹಾಗಿಲ್ಲ. ನಮ್ಮ ತೋಳದ ಬಳಿಯ ಹೆಂಗಸರು ಮನೆಮನೆಗೆ ಹೋಗಿ ಉಳಿದಿರುವ ಶೀಸೆಗಳನ್ನು ಕೂಡಿಹಾಕುತ್ತಿದ್ದಾರೆ. ಯಾರೂ ಗೊಣಗುತ್ತಿಲ್ಲ, ಅದೇ ನನಗೆ ಹೆಚ್ಚು ಸಂಕಟ.

ಹೊರೇಸ್ ಅವರ ಮಾತನ್ನು ನಾನು ದೊಡ್ಡಮ್ಮನಿಗೆ ಮುಟ್ಟಿಸಿದಾಗ ಮಾವನೂ ಅಲ್ಲಿದ್ದರು. ಬಹಳ ದಿನದ ಮೇಲೆ ನೆಟ್ಟಗೆ ಕೂತು ಮಾತಾಡಿದರು. ಆ ಔತಣದಲ್ಲಿ ತಾನು ಹೆಸರನ್ನು ಕೆಳಗಿಡುತ್ತೇನೆ ಎಂದರು. ಸಾಕ್ಷಿ ಮುರಿದ ಹೆಸರನ್ನು ಹೊತ್ತು ನಡೆಯಲಾರೆ, ಅಣ್ಣ ಹೊತ್ತಾಗ ಅದು ಹೀಗಿರಲಿಲ್ಲ ಎಂದರು. ಕೆಳಗಿಟ್ಟರೆ ಹಳ್ಳದ ಪರವಾಗಿ ಮಾತಾಡುವ ಬಾಯಿಯೇ ಇರುವುದಿಲ್ಲ ಎಂದು ನಾನು ಕೂಗಾಡಿದೆ. ನಿಮ್ಮ ತೀರ್ಮಾನದ ದಿನ ಆ ಕಥನವನ್ನು ಹೇಳಲು ಅಧಿಕಾರವುಳ್ಳ ಒಬ್ಬರೂ ಭೂಮಿಯ ಮೇಲಿರುವುದಿಲ್ಲ, ಕಂಪನಿಗೆ ಅದಕ್ಕಿಂತ ಶುಭದಿನ ಇನ್ನೊಂದಿಲ್ಲ ಎಂದೆ. ಅದೆಲ್ಲ ತಮಗೂ ಗೊತ್ತು ಎಂದರು. ದೊಡ್ಡಮ್ಮ ಒಂದೇ ಮಾತು ಕೇಳಿದರು, ಆ ಹುಡುಗ ಎದ್ದು ಹೇಳಿದರೆ ಇಟ್ಟುಕೊಳ್ಳುತ್ತೀಯಾ ಎಂದು. ಹೇಳಿದರೆ ಇಟ್ಟುಕೊಳ್ಳುತ್ತೇನೆ ಎಂದರು ಮಾವ.

ಅದಕ್ಕೇ ಈ ಪತ್ರ. ವಸಂತದಲ್ಲಿ ಹ್ಯಾಲಿಬಟ್ ಮೀನು ಒಣಗಿಸುವ ಕೆಲಸ ಶುರುವಾಗುವ ಮುಂಚಿನ ಶನಿವಾರ, ಅದೇ ಅಂಗಣದಲ್ಲಿ ನಮ್ಮ ಔತಣ. ನಿಮ್ಮನ್ನು ಕರೆಯುತ್ತಿದ್ದೇವೆ. ಖಾಸಗಿಯಾಗಿ ಬನ್ನಿ, ಕಚೇರಿಯಾಗಿ ಬನ್ನಿ, ಬಂದರೆ ಸಾಕು. ಬೀರುವಿನ ಕಂಬಳಿಯನ್ನು ಹೊರತೆಗೆದು ಹೊದ್ದುಕೊಂಡು ಬನ್ನಿ, ಆ ತಿಂಗಳಲ್ಲಿ ಸಮುದ್ರದ ಗಾಳಿ ಇನ್ನೂ ಕೊರೆಯುತ್ತಿರುತ್ತದೆ. ಹಳ್ಳ ನಮ್ಮದೆಂದು ನೀವು ಒಪ್ಪಬೇಕಾಗಿಲ್ಲ. ಪರವಾನಗಿ ಕೊಡುವುದಿಲ್ಲವೆಂದು ಭಾಷೆ ಕೊಡಬೇಕಾಗಿಲ್ಲ. ನಿಮ್ಮ ಸಾಲನ್ನು ಕರೆದಾಗ ಎದ್ದು ನಿಂತು 'ನಾನಿಲ್ಲಿ ಕೂತಿದ್ದೆ, ಕೇಳಿದೆ' ಎನ್ನಿ. ಅದೂ ಆಗದಿದ್ದರೆ 'ಕೇಳಿದೆ, ಹೇಳಲು ನನಗೆ ಅಪ್ಪಣೆಯಿಲ್ಲ' ಎನ್ನಿ. ಅದಕ್ಕೂ ನಮ್ಮ ಕಾನೂನಿನಲ್ಲಿ ಜಾಗವಿದೆ. ಆಮೇಲೆ ಅದೇ ಮಾತನ್ನು ನಿಮ್ಮ ವರದಿಯಲ್ಲಿಯೂ ಬರೆಯಿರಿ. ಇಷ್ಟೇ ನಮ್ಮ ಬೇಡಿಕೆ.

ಬಾರದಿದ್ದರೆ ಏನಾಗುತ್ತದೆಂಬುದನ್ನೂ ತಿಳಿಸುತ್ತೇನೆ, ಬೆದರಿಕೆಯೆಂದು ತಿಳಿಯಬೇಡಿ. ಕುರ್ಚಿಯನ್ನು ಕರೆಯುತ್ತಾರೆ, ಅದು ಉತ್ತರಿಸುವುದಿಲ್ಲ. ಮಾವ ಎದ್ದು ಹೆಸರನ್ನು ಕೆಳಗಿಡುತ್ತಾರೆ. ಮನೆತನದಲ್ಲಿ ಸೋದರಳಿಯಂದಿರು ಯಾರೂ ಉಳಿದಿಲ್ಲ, ಆದ್ದರಿಂದ ದೊಡ್ಡಮ್ಮ ನನ್ನ ಕಡೆ ತಿರುಗುತ್ತಾರೆ. ನನ್ನನ್ನು ಎತ್ತಿ ಆಡಿಸಿದ ಮನುಷ್ಯ ಇನ್ನೂ ಉಸಿರಾಡುತ್ತಾ ಎದುರಿಗೇ ಕೂತಿರುವಾಗ, ಅವರ ಹೆಗಲಿನಿಂದ ಇಳಿಸಿದ್ದನ್ನು ನಾನು ಎತ್ತಿಕೊಳ್ಳಬೇಕು. ನನ್ನಿಂದಾಗದು. ಆದರೆ ದೊಡ್ಡಮ್ಮ ಕೇಳಿದರೆ ಆಗದು ಎನ್ನುವ ಹಕ್ಕು ನನಗಿಲ್ಲ. ನಿಮ್ಮ ಹಾಗೆ ನನಗೂ ನಿಯಮಗಳಿವೆ, ನಾನು ಅವನ್ನು ಪಾಲಿಸುತ್ತೇನೆ.

ಇಂತಿ,
ಮಾವ ಬದುಕಿರುವಾಗ ಅವರ ಹೆಸರು ತನಗೆ ಬರುವುದು ಬೇಡವೆನ್ನುವ ಸೋದರಸೊಸೆ,
ಡೆಲ್ಮಾ, ದೋಣಿಕಟ್ಟೆಯ ಬಂಕ್